ಗುಂಡಿ ಒತ್ತಿದರೆ ಸಾಲದು, ಹಿಂಬದಿಯ ವರ್ಷವನ್ನೂ ನೋಡಿ

ಮಾನ್ಯ ಸಂಪಾದಕರೆ,

ಗ್ಯಾಸ್ ಗೀಸರ್ ಉರಿಯುತ್ತಿದ್ದ ಬಚ್ಚಲಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್‌ನಿಂದ ಉಸಿರುಗಟ್ಟಿ ಜೀವ ಕಳೆದುಕೊಂಡವರ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತಲೇ ಇದೆ. ಅದನ್ನು ಓದಿ ಕೆಲವರಾದರೂ ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ತಂದು ಹಾಕಿಸುತ್ತಿರುವುದು ಸಮಾಧಾನದ ಸಂಗತಿ. ಆದರೆ ಹಾಕಿಸಿದ ಮೇಲೆ ಅದರತ್ತ ತಿರುಗಿ ನೋಡುವುದಿಲ್ಲ ಎಂಬುದು ನಮ್ಮ ಮನೆಯಲ್ಲೇ ನನಗೆ ಮನವರಿಕೆಯಾಯಿತು.

ಇಂಗ್ಲೆಂಡಿನಲ್ಲಿರುವ ಮಗಳು ವರ್ಷಗಳ ಹಿಂದೆ ತಂದುಕೊಟ್ಟ ಅಲಾರಂ ನಮ್ಮ ಹಜಾರದಲ್ಲಿ, ಬಚ್ಚಲಮನೆಯ ಬಾಗಿಲಿಗೆ ಸಮೀಪದಲ್ಲಿದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿದಾಗ ಕಿವಿಗಡಚಿಕ್ಕುವಂತೆ ಕೂಗುತ್ತಿದ್ದುದರಿಂದ ಎಲ್ಲ ಸರಿಯಿದೆ ಎಂದೇ ನಂಬಿದ್ದೆ. ಕಳೆದ ತಿಂಗಳು ಅದು ನಿಮಿಷಕ್ಕೊಮ್ಮೆ ಕಿಚ್ ಎನ್ನತೊಡಗಿತು. ಬ್ಯಾಟರಿ ಬದಲಾಯಿಸಿದರೂ ನಿಲ್ಲಲಿಲ್ಲ. ಕೆಳಗಿಳಿಸಿ, ಜೇಡರ ಬಲೆ ಒರೆಸಿ ತಿರುಗಿಸಿ ನೋಡಿದರೆ, ಬದಲಿಸಬೇಕಾದ ವರ್ಷ ಹಿಂಬದಿಯ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆ ವರ್ಷ ಆಗಲೇ ಕಳೆದುಹೋಗಿತ್ತು.

ಗುಂಡಿ ಒತ್ತಿದಾಗ ಪರೀಕ್ಷೆಯಾಗುವುದು ಬ್ಯಾಟರಿ, ಒಳಗಿನ ಸರ್ಕ್ಯೂಟ್ ಮತ್ತು ಕೂಗು ಮಾತ್ರ. ಅನಿಲವನ್ನು ಗುರುತಿಸುವ ಸೆನ್ಸರ್ ಬೇರೆಯೇ ಇದ್ದು, ಸಾಮಾನ್ಯವಾಗಿ 5ರಿಂದ 10 ವರ್ಷಗಳಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ 300 ಭಾಗ ಸೇರಿದರೆ ಮೂರು ನಿಮಿಷದೊಳಗೆ ಕೂಗಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ; ಸೆನ್ಸರ್ ಸತ್ತಿದ್ದರೆ ಆ ಭರವಸೆಗೆ ಅರ್ಥವಿಲ್ಲ.

ಉಳಿದ ಆರೈಕೆ ಕಷ್ಟದ್ದಲ್ಲ. ಹಬೆ ಸೆನ್ಸರನ್ನು ಕೆಡಿಸುವುದರಿಂದ ಅಲಾರಂ ಬಚ್ಚಲಮನೆಯ ಒಳಗಿರಬಾರದು, ಒಣಬಟ್ಟೆಯಿಂದ ಧೂಳು ಒರೆಸಬೇಕು, ಜಿರಲೆ ಸ್ಪ್ರೇ ಹತ್ತಿರ ಸುಳಿಯಬಾರದು, ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವಾಗ ಬಿಚ್ಚಿಟ್ಟು ವಾಸನೆ ಹೋದ ಮೇಲೆ ಮರೆಯದೆ ಮತ್ತೆ ಹಾಕಬೇಕು.

“ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ” ಎಂದು ಪಕ್ಕದ ಮನೆಯವರು ಕೇಳಿದರು. ಆ ವಾಸನೆ ಸಿಲಿಂಡರಿನ ಅನಿಲಕ್ಕೆ ಬೇಕೆಂದೇ ಬೆರೆಸಿದ್ದು. ಉರಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಡುಗೆಮನೆಯ ಗ್ಯಾಸ್ ಸೋರಿಕೆಯ ಅಲಾರಂ ಇದನ್ನು ಹಿಡಿಯುತ್ತದೆಂದು ಭಾವಿಸುವುದೂ ತಪ್ಪು. ಬಾಣಂತಿಯ ಕೋಣೆಯಲ್ಲಿ ಬಾಗಿಲು, ಕಿಟಕಿ ಮುಚ್ಚಿ ಇಡುವ ಕೆಂಡದ ಅಗ್ಗಿಷ್ಟಿಕೆಯಿಂದಲೂ ಇದೇ ಅನಿಲ ಹೊಮ್ಮುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ, ಏಕೆಂದರೆ ನಮ್ಮ ಮನೆಯಲ್ಲೂ ಹಾಗೆಯೇ ಇಟ್ಟಿದ್ದೆವು. ಅಲಾರಂ ಎಡೆಬಿಡದೆ ಕೂಗಿದರೆ ಬ್ಯಾಟರಿ ಕೀಳದೆ, ಕೈಗೆಟಕುವ ಉರಿ ಆರಿಸಿ, ಕಿಟಕಿ ತೆರೆದು, ಎಲ್ಲರೂ ಕೂಡಲೇ ಹೊರಗೆ ಬರಬೇಕು.

ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ, ಬಾಡಿಗೆ ಮನೆಯ ಯಾವ ಕೋಣೆಯಲ್ಲಿ ಗ್ಯಾಸ್ ಬಾಯ್ಲರ್‌ನಂಥ ಉಪಕರಣ ಇದೆಯೋ ಅಲ್ಲಿ ಈ ಅಲಾರಂ ಹಾಕಿಸುವುದು ಮಾಲೀಕರ ಹೊಣೆಯಾಗಿದೆ. ಗ್ಯಾಸ್ ಗೀಸರ್ ಇರುವ ಮನೆಯನ್ನು ಬಾಡಿಗೆಗೆ ಕೊಡುವ ನಮ್ಮ ಮಾಲೀಕರಿಗೂ ಸರ್ಕಾರ ಇಂಥ ಹೊಣೆ ಹೊರಿಸಬೇಕು. ಗೀಸರ್ ಜೋಡಿಸಲು ಬರುವವರು ಬಚ್ಚಲಮನೆಗೆ ಗಾಳಿಯ ದಾರಿ ಇದೆಯೇ ಎಂದು ಮೊದಲು ನೋಡಿ, ಅಲಾರಂ ಹಾಕಿದರೆ ಅದನ್ನು ಬದಲಿಸಬೇಕಾದ ವರ್ಷವನ್ನು ಅದರ ಮುಂಭಾಗದಲ್ಲೇ ದಪ್ಪ ಅಕ್ಷರಗಳಲ್ಲಿ ಬರೆದುಕೊಡಲಿ ಎಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗರು, ಮೈಸೂರು