ಡಾಲ್ಫಿನ್‌ಗಳನ್ನು ಅಟ್ಟಿಸಬೇಡಿ

ಮಾನ್ಯರೇ,

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಈಚೆಗೆ ಗೈಡ್ ಜೊತೆ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಹೋಗಿದ್ದೆವು. ಸ್ವಲ್ಪ ದೂರದಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಮೇಲೆ ಬಂದವು. ಹುಟ್ಟು ಹಾಕುವುದನ್ನು ನಿಲ್ಲಿಸಿ ಸುಮ್ನೆ ಕೂತೆವು. ಅವು ಪುಸ್ ಎಂದು ಉಸಿರು ಬಿಡುವುದೂ ಕೇಳಿಸಿತು. ಅಷ್ಟರಲ್ಲಿ ಪ್ರವಾಸಿಗರ ಮೋಟಾರ್ ಬೋಟೊಂದು ನೇರ ಅವುಗಳತ್ತಲೇ ನುಗ್ಗಿತು. ಮುಳುಗಿದ ಡಾಲ್ಫಿನ್‌ಗಳು ಮತ್ತೆ ಕಾಣಲೇ ಇಲ್ಲ.

1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಹಾಗೆ ಇವೂ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಪಟ್ಟಿಯಲ್ಲಿವೆ. ಕಾಡಿನಲ್ಲಿ ಹುಲಿಯನ್ನು ಜೀಪಿನಲ್ಲಿ ಅಟ್ಟಲು ಬಿಡುವುದಿಲ್ಲ ಅಲ್ವಾ? ಬೋಟುಗಳು ದೂರವೇ ನಿಂತು ಎಂಜಿನ್ ನಿಧಾನ ಮಾಡುವಂತೆ ಜಿಲ್ಲಾಡಳಿತ ಕಟ್ಟುನಿಟ್ಟು ಮಾಡಲಿ. ಗಾಳಿ, ಉಬ್ಬರ, ಇಳಿತ ಎಲ್ಲ ಬಲ್ಲ ಮೀನುಗಾರರ ಮಕ್ಕಳಿಗೆ ಕಯಾಕ್ ಗೈಡ್ ತರಬೇತಿ ಕೊಡಲಿ.

– ಒಬ್ಬ ಓದುಗ, ಶಿರಸಿ