ಹೇಳಿಕೊಡುವವನ ದಿಗಿಲು: ಸದಾನಂದನಿಗೊಂದು ಪತ್ರ

ಪ್ರೀತಿಯ ಸದಾನಂದ,

ನಿನ್ನ ಕೊಡೆ ಇನ್ನೂ ನಮ್ಮ ಮನೆಯಲ್ಲೇ ಇದೆ. ಮಾಸ್ತರರಿಗೆ ಮಾತ್ರ ಹೇಳಬೇಡ ಮಾರಾಯ.

ಇಲ್ಲಿ ಡೊಂಬಿವಲಿಯಲ್ಲಿ ಭಾನುವಾರ ನಮ್ಮ ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನಲ್ಲ, ಮೊನ್ನೆ ಭೋಪಾಲದ ಮಾತು ಬಂತು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಆ ಗ್ಯಾಸ್ ಮಾಡುವುದು ಹೇಗೆ?"

ಕೇಳುವ ಹಕ್ಕು ಅವನಿಗಿದೆ. ಅವನ ಅಪ್ಪ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ನೋಡಿಕೊಳ್ಳುವವರು. 2016ರ ಮೇಯಲ್ಲಿ ಒಮ್ಮೆ, 2024ರ ಮೇಯಲ್ಲಿ ಮತ್ತೊಮ್ಮೆ ಅಲ್ಲಿ ಸ್ಫೋಟವಾಗಿ ಜನ ಸತ್ತರು, ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಪುಡಿಯಾಯಿತು. 2020ರಲ್ಲಿ ಒಂದು ರಸ್ತೆಗೆ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾಂಪೌಂಡಿನ ಆಚೆ ಏನು ತುಂಬಿಟ್ಟಿದ್ದಾರೆ ಅಂತ ಈಚೆ ಇರುವವರಿಗೆ ಗೊತ್ತಿಲ್ಲ.

1984ರ ಡಿಸೆಂಬರಿನ ಆ ರಾತ್ರಿ ಭೋಪಾಲದಲ್ಲೂ ಹೀಗೇ. ಕೀಟನಾಶಕದ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಅನ್ನುವ ವಿಷಾನಿಲ ಸೋರಿತು. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಓಡಿದವರು ಏದುಸಿರಿನಲ್ಲಿ ಅದನ್ನೇ ಜಾಸ್ತಿ ಎಳೆದುಕೊಂಡರು. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ ಎಂದು ಮೊದಲೇ ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೇ ಇದು ಯಾವ ವಿಷ, ಏನು ಕೊಡಬೇಕು ಅಂತ ತಿಳಿದಿರಲಿಲ್ಲ. ಮುಚ್ಚಿಟ್ಟದ್ದೇ ಕೊಂದಿತು. ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಮಾಡುವ ಬಗೆಗೆ ಬಂದಾಗ ನಿಲ್ಲಿಸಿದೆ. "ಅಷ್ಟು ಸಾಕು" ಎಂದೆ.

ನೀನು ಜಗಳಕ್ಕೆ ಬರುತ್ತೀಯ, ಗೊತ್ತು. ವಿದ್ಯೆಯನ್ನು ಕಟ್ಟಿಹಾಕಬಾರದು ಅನ್ನುತ್ತೀಯ. ಆದರೆ ಭೌತವಿಜ್ಞಾನಿ ಲಿಯೋ ಸಿಲಾರ್ಡ್‌ನನ್ನು ನೋಡು. ಹಿಟ್ಲರನಿಗೆ ಅಣುಬಾಂಬ್ ಸಿಕ್ಕೀತು ಅನ್ನುವ ಭಯ ಅವನಿಗೆ. ಯುರೇನಿಯಂ ಒಡೆದಾಗ ಎಷ್ಟು ನ್ಯೂಟ್ರಾನ್ ಹೊರಬೀಳುತ್ತವೆ ಅನ್ನುವುದನ್ನು ಪ್ರಕಟಿಸಬೇಡಿ ಎಂದು 1939ರಲ್ಲಿ ಗೋಗರೆದ. ಪ್ಯಾರಿಸ್ಸಿನ ವಿಜ್ಞಾನಿ ಜೋಲಿಯೋ ಕ್ಯೂರಿ ಕೇಳಲಿಲ್ಲ, ಏಪ್ರಿಲಿನಲ್ಲಿ ಅಚ್ಚು ಹಾಕಿಸಿಯೇಬಿಟ್ಟ. ಮರುವರ್ಷ ಶುದ್ಧ ಗ್ರಾಫೈಟ್ ನ್ಯೂಟ್ರಾನುಗಳನ್ನು ತೀರ ಕಡಿಮೆ ನುಂಗುತ್ತದೆ, ಅಂದರೆ ಯುರೇನಿಯಂ ಒಡೆಯುವ ಸರಪಳಿ ನಿಲ್ಲದಂತೆ ನಡೆಸಲು ಅದು ಒದಗುತ್ತದೆ ಎಂದು ಅಮೆರಿಕದಲ್ಲಿದ್ದ ವಿಜ್ಞಾನಿ ಫರ್ಮಿ ಕಂಡುಕೊಂಡಾಗ, ಸಿಲಾರ್ಡ್ ಹಟ ಹಿಡಿದು ಅದು ಪ್ರಕಟವಾಗದಂತೆ ತಡೆದ. ಅತ್ತ ಜರ್ಮನಿಯಲ್ಲಿ ಬೋಥೆ ಎಂಬ ವಿಜ್ಞಾನಿ ಶುದ್ಧವಲ್ಲದ ಗ್ರಾಫೈಟ್ ಅಳೆದು, ಇದು ಕೆಲಸಕ್ಕೆ ಬಾರದು ಎಂದುಕೊಂಡ. ಜರ್ಮನ್ನರು ಗ್ರಾಫೈಟಿನ ಬದಲು ಸಿಗುವುದೇ ಕಷ್ಟವಾದ ಭಾರಜಲದ ಬೆನ್ನುಹತ್ತಿದರು. ಫರ್ಮಿಯ ಆ ಲೆಕ್ಕ ಹಿಟ್ಲರನ ಕಡೆಯವರ ಕೈಗೆ ಸಿಕ್ಕಿದ್ದರೆ? ನೆನೆದರೆ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಅದು ಏನು, ಯಾಕೆ ಅಪಾಯ, ಬಚಾವಾಗುವುದು ಹೇಗೆ, ಎಲ್ಲಿದೆ, ಯಾರು ಇಟ್ಟಿದ್ದಾರೆ, ಇದೆಲ್ಲ ಎಲ್ಲರ ಬಾಯಲ್ಲೂ ಇರಬೇಕು. ಎಷ್ಟು ಹಾಕಬೇಕು, ಎಷ್ಟು ಕಾಯಿಸಬೇಕು ಅನ್ನುವುದು ಬೇಡ. ತಡೆದರೆ, ತಡೆದಿದ್ದೇವೆ, ಕಾರಣ ಇದು ಅಂತ ಎದುರೆದುರೇ ಹೇಳಬೇಕು. 2011ರಲ್ಲಿ ಅಮೆರಿಕದ ಜೈವಿಕ ಸುರಕ್ಷತಾ ಸಲಹಾ ಮಂಡಳಿ, ಹಕ್ಕಿಜ್ವರದ ವೈರಸ್ ಸುಲಭವಾಗಿ ಹರಡುವಂತೆ ಬದಲಾಯಿಸಿದ್ದರ ಬಗೆಗಿನ ಎರಡು ಸಂಶೋಧನಾ ಲೇಖನಗಳಿಂದ ವಿಧಾನದ ವಿವರ ತೆಗೆಯಿರಿ ಎಂದಿತು. ಜಗತ್ತೇ ವಾದಕ್ಕಿಳಿಯಿತು. ತಿದ್ದಿದ ಪ್ರತಿ ನೋಡಿ ಮಂಡಳಿ ಮನಸ್ಸು ಬದಲಿಸಿತು, 2012ರಲ್ಲಿ ಎರಡೂ ಪ್ರಕಟವಾದವು. ಆ ತೀರ್ಮಾನ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ವಾದ ಎಲ್ಲರ ಕಣ್ಣೆದುರೇ ನಡೆಯಿತಲ್ಲ, ಅದು ದೊಡ್ಡದು.

ಇನ್ನೊಂದಿದೆ. ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. "ಅಷ್ಟು ಸಾಕು" ಅಂದೆನಲ್ಲ, ಆ ಗಳಿಗೆಯಲ್ಲಿ ನನಗೆ ಹಿತವಾಯಿತು. ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಅನ್ನುವ ಹಿತ. ಚಿಕ್ಕಂದಿನಲ್ಲಿ ದೊಡ್ಡವರು "ನಿಂಗ್ಯಾಕೆ ಅದೆಲ್ಲ" ಅಂದಾಗ ಅವರ ಮುಖದಲ್ಲಿ ಕಾಣುತ್ತಿತ್ತಲ್ಲ, ಅದೇ. ರಾತ್ರಿ ನಿದ್ದೆ ಹತ್ತಲಿಲ್ಲ. ಸಿಲಾರ್ಡ್‌ಗೆ ಇದ್ದದ್ದು ಭಯ. ನನಗೆ ಭಯದ ಜೊತೆಗೆ ಇದೂ ಇತ್ತು. ಅದಕ್ಕೇ ಒಬ್ಬನೇ ಕೂತು ಈ ಗೆರೆ ಎಳೆಯುವುದು ನನಗೆ ಬೇಡ. ಇನ್ನಿಬ್ಬರು ಮೇಷ್ಟ್ರುಗಳನ್ನೂ ಒಬ್ಬ ಫ್ಯಾಕ್ಟರಿ ಕೆಲಸಗಾರರನ್ನೂ ಜೊತೆಗೆ ಕೂರಿಸಿಕೊಳ್ಳುತ್ತಿದ್ದೇನೆ.

ಸಾಕು, ಪತ್ರ ಭಾರವಾಯಿತು. ಅಮ್ಮನಿಗೆ ನಮಸ್ಕಾರ ಹೇಳು. ಗಣಪತಿ ಹಬ್ಬಕ್ಕೆ ಬರುತ್ತೀಯಲ್ವಾ? ಹಲಸಿನ ಚಿಪ್ಸ್ ಎರಡು ಕಟ್ಟು ಜಾಸ್ತಿ ತಾ. ಪನ್ವೇಲ್ ದಾಟುವ ತನಕ ಬ್ಯಾಗಿನ ಜಿಪ್ ತೆಗೆಯಬೇಡ.

ನಿನ್ನ,
ಪ್ರಭಾಕರ