ನಮ್ಮ ವಾರ್ಡಿನ ಆಯಾ ಅಕ್ಕನಿಗೆ

ಮೂರು ತಿಂಗಳಾದ ಮೇಲೆ ಕಳೆದ ಸೋಮವಾರ ಮತ್ತೆ ಯೂನಿಫಾರ್ಮ್ ಹಾಕಿಕೊಂಡೆ. ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯಲ್ಲಿ ಆ ರಾತ್ರಿ ಒಬ್ಬ ರೋಗಿ ತೀರಿಕೊಂಡರು, ಡ್ಯೂಟಿಯಲ್ಲಿದ್ದ ನರ್ಸ್ ನನಗೆ ಏಟು ಬಿತ್ತು. ಉಳಿದದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಅದಕ್ಕೆ ಇದು.

ಹೊಲಿಗೆ ಹಾಕಿದ ಡಾಕ್ಟರಿಗೆ, ನನ್ನ ನೈಟ್ ಡ್ಯೂಟಿಗಳನ್ನು ಹಂಚಿಕೊಂಡ ಬ್ಯಾಚ್‌ಮೇಟ್‌ಗಳಿಗೆ, ದಿನಾ ಫೋನ್ ಮಾಡಿ ‘ಊಟ ಆಯಿತಾ’ ಅಂತ ಮಾತ್ರ ಕೇಳಿದ ಅಣ್ಣನಿಗೆ, ಸ್ಟೇಷನ್ನಿಗೆ ಜೊತೆಗೆ ಬಂದು ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು ತಡೆಯುವ 2009ರ ಕಾಯ್ದೆಯ ಹೆಸರು ಹೇಳಿ ಕಂಪ್ಲೇಂಟ್ ಬರೆಸಿದ ಗೆಳತಿಗೆ ಥ್ಯಾಂಕ್ಸ್. (ಆ ಕಾಯ್ದೆಯ ಬೋರ್ಡ್ ನಮ್ಮ ಗೋಡೆಯ ಮೇಲೇ ಇದೆ: 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಕೈ ಎತ್ತುವವರು ಬೋರ್ಡ್ ಓದುತ್ತಾ ನಿಲ್ಲುವುದಿಲ್ಲ, ಅಲ್ವಾ?)

ಉಳಿದದ್ದೆಲ್ಲ ನಮ್ಮ ಆಯಾ ಅಕ್ಕನಿಗೆ. ಹೆಸರು ಹಾಕಬ್ಯಾಡ ಅಂದಿದ್ದಾರೆ, ಹಾಕುವುದಿಲ್ಲ.

ಪೊಲೀಸ್ ಕೇಸಿನ ಗಾಯಾಳುಗಳನ್ನು ಬರೆಯುವ ಎಂಎಲ್‌ಸಿ ರಿಜಿಸ್ಟರಿನಲ್ಲಿ ನನ್ನದೇ ಹೆಸರು ಬರೆಯುವುದನ್ನು ನೋಡಿ ಕೈಕಾಲು ನಡುಗಲು ಶುರುವಾಯಿತು. ಅಕ್ಕ ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದುಕೊಂಡು ಹೋದರು. ಮುಖ ತೊಳೆಸಿದರು. ಬಿಚ್ಚಿಹೋದ ಕೂದಲು ಬಾಚಿ, ತಮ್ಮ ತಲೆಯ ಪಿನ್ನು ತೆಗೆದು ನನಗೆ ಚುಚ್ಚಿದರು. “ಅಳೂದಿದ್ರ ಈಗ ಅತ್ತಬಿಡು ತಂಗಿ. ಒಳಗಿಂದ ಚಿಲಕಾ ಹಾಕ್ಕೋ. ನಾ ಎರಡ ಸಲ ಬಡೀತೀನಿ. ಬ್ಯಾರೆ ಯಾರ ಬಡದ್ರೂ ತೆಗೀಬ್ಯಾಡ.” ಆಮೇಲೆ ಬೆಡ್‌ಪ್ಯಾನ್ ಕೊಡುತ್ತಾ, ಯೂರಿನ್ ಬ್ಯಾಗ್ ಖಾಲಿ ಮಾಡುತ್ತಾ ಬೆಳಗಿನವರೆಗೂ ವಾರ್ಡಿನಲ್ಲೇ ಓಡಾಡಿದರು. ನಡುನಡುವೆ ಬಂದು ಎರಡು ಸಲ ತಟ್ಟುತ್ತಿದ್ದರು. ಬೆಳಿಗ್ಗೆ ಮನೆಗೂ ಹೋಗಲಿಲ್ಲ, ನನ್ನ ಜೊತೆ ಬಸ್ ಹತ್ತಿ ರೂಮಿಗೆ ಬಂದರು. ಅವರ ಮನೆ ಇರುವುದು ಊರಿನ ಇನ್ನೊಂದು ತುದಿಗೆ. ಚುರುಮುರಿ ಒಗ್ಗರಣೆ ಮಾಡಿ ತಿನ್ನಿಸಿ, ನಾನು ಮಲಗಿದ ಮೇಲೂ ಗೋಡೆಗೆ ಒರಗಿ ಕೂತಿದ್ದರು. ಅವತ್ತು ರಾತ್ರಿ ಅವರಿಗೆ ಮತ್ತೆ ಡ್ಯೂಟಿ ಇತ್ತು.

ಅವರೊಬ್ಬರಿಗೇ ಹೇಳಿದ್ದನ್ನು ಇಲ್ಲಿಯೂ ಹೇಳಿಬಿಡುತ್ತೇನೆ. ಏಟು ಬೀಳುವ ಮೊದಲೇ ನಾನು ಸರಿ ಇರಲಿಲ್ಲ. ಹಿಂದಿನ ವಾರ, ಮೂರನೇ ಸಲ ಬಿಸಿನೀರು ಕೇಳಿದ ಅಜ್ಜಿಯ ಮೇಲೆ ಕಿರುಚಿದ್ದೆ. ಆ ರಾತ್ರಿ ತೀರಿಕೊಂಡ ರೋಗಿಗಾಗಿ ಒಂದು ಹನಿ ಕಣ್ಣೀರೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮೂವತ್ತೆರಡ ಬೆಡ್ಡಿಗೆ ಇಬ್ಬರು. ಎಲ್ಲಿಂದ ಬರ್ತೈತಿ?” ಅಂದರು.

ನಮ್ಮ ಮನೆ ಹೊನ್ನಾವರದ ಕಡೆ. ನರ್ಸಿಂಗ್ ಸೇರುತ್ತೇನೆ ಅಂದಾಗ ಅಮ್ಮ ಮೊದಲು ಎತ್ತಿದ್ದು ಹಳದೀಪುರದ ಅರುಣಾ ಶಾನಭಾಗರ ಹೆಸರು. ಅವರು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ, ಅಲ್ಲೇ ಕೆಲಸಕ್ಕಿದ್ದವನ ಹಲ್ಲೆಯಿಂದ ಅವರ ಬದುಕು ಹಾಳಾಯಿತು, ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಈ ಸಲ ಅಮ್ಮ ಫೋನಿನಲ್ಲಿ ಆ ಹೆಸರು ಎತ್ತಲಿಲ್ಲ, ಸುಮ್ನೆ ಅತ್ತರು. ರಜೆಯಲ್ಲಿ ನನಗೆ ಜಾಸ್ತಿ ನೆನಪಾದವರು ಅಲ್ಲಿನ ಸಿಸ್ಟರ್‌ಗಳು. 2015ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅರುಣಾ ಅವರನ್ನು ನೋಡಿಕೊಂಡರು. ಎಷ್ಟು ಜನ, ಎಷ್ಟು ಸಲ ಮುಂದಿನ ಡ್ಯೂಟಿಯವರಿಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗಿರಬೇಕು!

ಸೋಮವಾರ ರಾತ್ರಿ ಎರಡು ಗಂಟೆಗೆ ಡ್ರೆಸ್ಸಿಂಗ್ ರೂಮಿನಲ್ಲಿ ಟ್ರೇ ಜೋಡಿಸುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಆದರೂ ಅಕ್ಕ ಎರಡು ಸಲ ತಟ್ಟಿದರು.

“ಚಾ ತಂದೀನಿ. ನನ್ನ ಪಿನ್ನು ಕೊಡು ಇನ್ನ.”